ಒಂದು ಮೊರ ತೌಡು

ಆವತ್ತು ಬೆಳಗ್ಗೆ ಸೂಳೆಕೆರೆಯ ಮೇಲೆ ಬಿದ್ದಿದ್ದ ಮಂಜು ಎಂಥದೆಂದರೆ, ಏರಿಯ ಮೇಲೆ ಹೋಗುತ್ತಿದ್ದ ಎತ್ತುಗಳ ಕೊರಳ ಗಂಟೆ ಕೇಳುತ್ತಿತ್ತೇ ಹೊರತು ಎತ್ತೂ ಕಾಣುತ್ತಿರಲಿಲ್ಲ, ಗಾಡಿಯೂ ಕಾಣುತ್ತಿರಲಿಲ್ಲ. ಪುಷ್ಯಮಾಸದ ಚಳಿ. ನೀರು ಯಾವುದು, ದಡ ಯಾವುದು, ಕೊಯ್ದು ಹಾಕಿದ ಭತ್ತದ ಗದ್ದೆ ಯಾವುದು ಎಂದು ತಿಳಿಯದ ಹಾಗೆ ದೇವರು ಎಲ್ಲವನ್ನೂ ಒಂದೇ ಬಿಳಿ ಪಂಚೆಯಲ್ಲಿ ಸುತ್ತಿ ಇಟ್ಟುಬಿಟ್ಟಿದ್ದ. ಆ ಬಿಳುಪಿನೊಳಗಿನಿಂದ ಮಕ್ಕಳ ದನಿ ಮಾತ್ರ ಬರುತ್ತಿತ್ತು.

"ಅವ್ವಾ, ಇವ್ನು ನನ್ ಗಂಜಿ ಕುಡ್ದ!"

"ಅವ್ವಾ, ನನ್ ಮೂಗು!"

"ಅವ್ವಾ, ಕಾಟಿ ಉಚ್ಚೆ ಹೊಯ್ಕಂಡ್ಲು!"

ಇಷ್ಟೂ ಕೂಗಿಗೆ ಓಗೊಡುತ್ತಿದ್ದವಳು ಒಬ್ಬಳೇ, ಸಾವಂತ್ರಮ್ಮ. ತಲೆಯಿಂದ ಮೊಣಕಾಲಿನವರೆಗೆ ಕರಿ ಕಂಬಳಿ ಹೊದ್ದುಕೊಂಡು, ಒಂದು ಕೂಸನ್ನು ಕಂಕುಳಲ್ಲಿ ಇರುಕಿ, ಇನ್ನೊಂದರ ಮೂಗು ಒರೆಸುತ್ತಾ, ಮತ್ತೊಂದರ ತೊಟ್ಟಿಲನ್ನು ಹಾದುಹೋಗುತ್ತಲೇ ಕಾಲಿನಿಂದ ತೂಗುತ್ತಾ ಅವಳು ಆ ಮಂಜಿನಲ್ಲಿ ಓಡಾಡುತ್ತಿದ್ದಳು.

ಇದು ಮೂವತ್ತಮೂರನೇ ಇಸವಿಯ ಸುಗ್ಗಿಯ ಮಾತು. ಆಗೆಲ್ಲ ಕೆರೆಯ ಕೆಳಗಿನ ಗದ್ದೆಗಳು ಹಣ್ಣಾದವೆಂದರೆ ಜಗಳೂರು ಕಡೆಯಿಂದ ಆಳುಗಳು ಗಂಟುಮೂಟೆ, ಗಡಿಗೆ ಕುಡಿಕೆ, ಹೆಂಡತಿ ಮಕ್ಕಳ ಸಮೇತ ಬರುತ್ತಿದ್ದರು. ದೊಡ್ಡವರು ಗದ್ದೆಗೆ ಇಳಿದರೆ ಕೂಸುಗಳು ಬದುವಿನ ಮೇಲೆ. ಅಳಬಾರದೆಂದು ಅಫೀಮಿನ ಚೂರು ನೆಕ್ಕಿಸಿ ಮಲಗಿಸುತ್ತಿದ್ದರು. ಒಂದು ವರ್ಷ ಅಂಬೆಗಾಲಿಡುವ ಕೂಸೊಂದು ಕಾಲುವೆಗೆ ಉರುಳಿಬಿದ್ದು ತೀರಿಕೊಂಡಿತು. ಆ ಸುದ್ದಿ ಕೇಳಿ ಹೊನ್ನಾಳಿಯ ನಾಲ್ಕು ಜನ ಸೇರಿ ಮಕ್ಕಳ ಪಾಲನೆಗೆಂದು ಒಂದು ಸಂಘ ಕಟ್ಟಿದರು. ಏರಿಯ ಬುಡದಲ್ಲಿ ಕಣಗಳ ಪಕ್ಕ ಒಂದು ಸೋಗೆಯ ಚಪ್ಪರ ಎದ್ದಿತು. ಸಂಘದವರು ಅದಕ್ಕೊಂದು ಉದ್ದನೆಯ ಹೆಸರು ಬರೆಸಿ ಹಲಗೆ ತೂಗುಹಾಕಿದರು. ಜನರ ಬಾಯಲ್ಲಿ ಅದು ಕೂಸಿನ ಚಪ್ಪರವಾಯಿತು.

ಸಾವಂತ್ರಮ್ಮನದು ನ್ಯಾಮತಿ. ಮದುವೆಯ ಬಳೆಯ ಬಣ್ಣ ಮಾಸುವ ಮೊದಲೇ ಗಂಡನನ್ನು ಕಳೆದುಕೊಂಡು ಅಣ್ಣ ಹಾಲೇಶಪ್ಪನ ಮನೆಗೆ ಬಂದವಳು. ಮಡಿಲಲ್ಲಿ ಕೂಸಿರಲಿಲ್ಲ. ಆದರೆ ಅವಳು ಜಗಲಿಗೆ ಬಂದು ಕೂತರೆ ಸಾಕು, ಬೀದಿಯ ಮಕ್ಕಳೆಲ್ಲ ಬೆಲ್ಲಕ್ಕೆ ಇರುವೆ ಮುತ್ತಿದಂತೆ ಮುತ್ತುತ್ತಿದ್ದವು. ಸಂಘದ ಕಾರ್ಯದರ್ಶಿ ಷಣ್ಮುಖಪ್ಪನವರು, ಕೋಟು ತೊಟ್ಟು ಛತ್ರಿ ಹಿಡಿದು ಓಡಾಡುವ ಮನುಷ್ಯ, ಒಮ್ಮೆ ಆ ಬೀದಿಯಲ್ಲಿ ಹಾದು ಹೋಗುವಾಗ ಇದನ್ನು ನೋಡಿ ನಿಂತರು. ಚಪ್ಪರದ ಕೆಲಸಕ್ಕೆ ಬರ್ತೀಯೇನಮ್ಮ ಎಂದು ಕೇಳಿದರು. ಸಂಬಳವನ್ನೂ ಕೊಡುತ್ತೇವೆ ಎಂದರು.

ಹಾಲೇಶಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಮಕ್ಕಳ ಮೂಗು ಒರ್ಸಾಕೂ ಸಂಬಳಾನಾ? ಹಂಗಾರೆ ನಮ್ಮನೆ ಹೆಂಗಸ್ರಿಗೆಲ್ಲಾ ನಮ್ಮಪ್ಪನ ಕಾಲದಿಂದ ಸಂಬಳ ಬಾಕಿ ಐತೆ ಬಿಡ್ರಿ ಸ್ವಾಮಿ!"

ಅವಳು ಮಾತ್ರ ನಗಲಿಲ್ಲ. ಚನ್ನಗಿರಿಯ ಆಸ್ಪತ್ರೆಯಲ್ಲಿ ಒಂದು ಮಳೆಗಾಲವಿಡೀ ನರ್ಸಮ್ಮನ ಹಿಂದೆ ತಿರುಗಿ, ಕಣ್ಣು ಬೇನೆಗೆ ಏನು, ಭೇದಿಗೆ ಏನು, ಚಳಿಜ್ವರಕ್ಕೆ ಏನು ಎಂದು ಕಲಿತು ಬಂದಳು. ಮಕ್ಕಳನ್ನು ಸಾಕುವುದು ಒಂದು ಕಸುಬು, ಅದನ್ನೂ ಕಲಿಯಬೇಕು, ಅದಕ್ಕೂ ಕೂಲಿ ಉಂಟು ಎಂಬುದು ಆ ಸೀಮೆಗೆ ಹೊಸ ಮಾತು. ಸಂತೆಗೆ ಹೋದರೆ ಹೆಂಗಸರು ಸೆರಗು ಬಾಯಿಗೆ ಅಡ್ಡ ಹಿಡಿದು, "ಸಂಬಳದವ್ವ ಬಂದ್ಲು ನೋಡ್ರೇ" ಎನ್ನುತ್ತಿದ್ದರು. ಹೆತ್ತವ್ವ ಗೊತ್ತು, ಸಾಕವ್ವ ಗೊತ್ತು. ಇವಳೊಬ್ಬಳು ಸಂಬಳದವ್ವ. ಮೊದಮೊದಲು ಆ ಮಾತು ಮುಳ್ಳಿನಂತೆ ಚುಚ್ಚುತ್ತಿತ್ತು. ಆಮೇಲೆ ಮಕ್ಕಳೂ ಹಾಗೆಯೇ ಕರೆಯತೊಡಗಿದವು, ಮುಳ್ಳಿನ ಮೊನೆ ಮುರಿಯಿತು.

ಅವಳ ಕೆಲಸಕ್ಕೆ ಅವಳದೇ ರೀತಿಯಿತ್ತು. ಬಂದ ಕೂಸನ್ನು ಮೊದಲು ಎತ್ತಿಕೊಂಡು ನೆತ್ತಿ ಮೂಸುವುದು. ಜ್ವರ ಬರುವ ಕೂಸಿನ ನೆತ್ತಿ ಬೇರೆಯೇ ವಾಸನೆ ಬರುತ್ತದೆ ಎನ್ನುತ್ತಿದ್ದಳು. ಆಮೇಲೆ ತಾಯಿಯ ಹಳೆ ಸೀರೆಯಿಂದ ಒಂದು ಚೂರು ಹರಿಸಿಕೊಂಡು ಕೂಸಿನ ಕೆನ್ನೆಯ ಕೆಳಗೆ ಇಟ್ಟು ಮಲಗಿಸುವುದು. ಷಣ್ಮುಖಪ್ಪನವರಿಗೆ ಇದು ಸರಿಬರಲಿಲ್ಲ. "ಏನಮ್ಮಾ ಈ ಕೊಳೆ ಚಿಂದಿ? ಸಂಘದಿಂದ ಒಗೆದ ಬಿಳೀ ಬಟ್ಟೆ ಕಳ್ಸಿಲ್ವಾ?"

"ಬಿಳೀ ಬಟ್ಟೆ ಚೆಂದ ಐತ್ರಿ. ಆದ್ರೆ ಅದ್ರಾಗೆ ಅವ್ರವ್ವನ ವಾಸ್ನೆ ಇಲ್ವಲ್ರಿ."

ಷಣ್ಮುಖಪ್ಪನವರು ಛತ್ರಿಯನ್ನು ಆ ಕೈಯಿಂದ ಈ ಕೈಗೆ ಬದಲಿಸಿಕೊಂಡರು. ಚಿಂದಿ ಉಳಿಯಿತು.

ಈಗ ಆ ಮಂಜಿನ ಬೆಳಗ್ಗೆಗೆ ಬರೋಣ.

ಗಂಜಿ ಒಲೆಯ ಹತ್ತಿರ ಅಡಿಗೆಯ ಅಜ್ಜಮ್ಮ ಕೂತು ಸೌಟು ತಿರುಗಿಸುತ್ತಿದ್ದಳು. ಮಂಜಿನೊಳಗಿನಿಂದ ಹೆಂಗಸೊಬ್ಬಳ ಆಕಾರ ಮೂಡಿ ಚಪ್ಪರದ ಆಚೆಗೇ ನಿಂತಿತು. ಸೊಂಟದ ಮೇಲೆ ಒಂದು ಮೊರ.

"ಏನ್ ಮಕ್ಳು ಯವ್ವಾ ನಿಮ್ಗೆ!" ಎಂದಿತು ಆ ಆಕಾರ. "ಆಗ್ಲಿಂದ ನಿಂತು ಕೇಳ್ತಾ ಅದೀನಿ, ಅವ್ವಾ ಅಂಬೋ ದನಿ ಮುಗಿಯಾಕೇ ಒಲ್ದು. ದೇವ್ರು ನಿಮ್ ಹೊಟ್ಟೀನ ಕಣಜ ಮಾಡ್ಯಾನೆ ನೋಡ್ರಿ."

"ಕಣಜ ಅಲ್ವೇ, ಛತ್ರ!" ಎಂದು ಅಜ್ಜಮ್ಮ ಕಿಸಕ್ಕನೆ ನಕ್ಕಳು.

ಆ ಹೆಂಗಸಿಗೆ ಅದು ಕೇಳಿಸಿತೋ ಇಲ್ಲವೋ. ಅವಳು ಜಗಳೂರು ಕಡೆಯ ಸೊಕ್ಕೆ ಊರಿನವಳು, ದುರುಗಕ್ಕ ಎಂದು ಹೆಸರು. ಆ ವರ್ಷವೇ ಮೊದಲ ಸಲ ಗಂಡ ಉಚ್ಚಂಗೆಪ್ಪನ ಜೊತೆ ಸುಗ್ಗಿಗೆ ಬಂದಿದ್ದಳು. ಹಿಂದಿನ ಸಂಜೆಯಷ್ಟೇ ಬಂದು ಇಳಿದಿದ್ದರು. ಅವಳು ನಾಲ್ಕು ಹೆಜ್ಜೆ ಸರಿದು, ಕಣದ ಎತ್ತುಗಳ ಕೊಟ್ಟಿಗೆಯ ಪಕ್ಕದ ಸಗಣಿ ತಿಪ್ಪೆಯ ಮೇಲೆ ಮೊರವನ್ನು ಇಟ್ಟಳು. ಮೊರದೊಳಗೆ ಬಟ್ಟೆ ಸುತ್ತಿದ ಹಸುಗೂಸು.

"ಯಾರ್ದೋ ಏನೋ, ತಿಪ್ಪೆ ಮ್ಯಾಲೆ ಒಂದು ಕೂಸು ಬಿದ್ದೈತೆ," ಎಂದಳು. "ತೌಡಿಗೆ ಕೊಳ್ಳೋರು ಯಾರಾರ ಅದೀರೇನ್ರವ್ವಾ?"

ಆ ಮಾತು ಹೇಳುವಾಗ ಹೆತ್ತವಳ ದನಿ ನಡುಗಬಾರದು. ನಡುಗಿತು.

ಸಾವಂತ್ರಮ್ಮನಿಗೆ ತಕ್ಷಣ ತಿಳಿಯಿತು. ಆ ಕಡೆಯಲ್ಲೆಲ್ಲ ಇದ್ದ ಪದ್ಧತಿಯೇ ಅದು. ಹೆತ್ತ ಕೂಸುಗಳು ಒಂದಾದ ಮೇಲೊಂದು ಕಣ್ಣು ಮುಚ್ಚಿದರೆ, ಮುಂದಿನ ಕೂಸನ್ನು ಮೊರದಲ್ಲಿ ಹಾಕಿ ತಿಪ್ಪೆಯ ಮೇಲೆ ಇಡುತ್ತಿದ್ದರು. ಮಕ್ಕಳು ಬಾಳಿದ ಮುತ್ತೈದೆಯೊಬ್ಬಳು ತೌಡು ಕೊಟ್ಟು ಅದನ್ನು ಕೊಳ್ಳಬೇಕು. ತೌಡಿಗೆ ಮಾರಿದ ಕೂಸಿನ ಮೇಲೆ ಯಮನಿಗೂ ಆಸೆ ಹುಟ್ಟುವುದಿಲ್ಲ ಎಂದು ನಂಬಿಕೆ. ಹೆಸರಿಡುವುದು ಕೊಂಡವಳ ಹಕ್ಕು, ಮೊರ ಉಳಿಯುವುದು ಕೊಂಡವಳ ಮನೆಯಲ್ಲಿ. ಕೂಸು ಬೆಳೆದು ಒಂದು ದಾರಿಗೆ ಹತ್ತುವ ಹೊತ್ತಿಗೆ ಹೆತ್ತವಳು ಬಂದು ಅದೇ ಮೊರದ ತುಂಬ ಕಾಳು ಹಾಕಿ, ಮೇಲೆ ಕುಬುಸದ ಕಣ, ಹಸಿರು ಬಳೆ ಇಟ್ಟು, ಮುತ್ತೈದೆಗೆ ಸಲ್ಲಬೇಕಾದ್ದನ್ನು ಸಲ್ಲಿಸಿ ಬಿಡಿಸಿಕೊಳ್ಳಬೇಕು. ಅಲ್ಲಿಯವರೆಗೆ ಕೂಸು ಕೊಂಡವಳದು, ಹೆತ್ತವಳು ಬರೀ ಸಾಕುವವಳು.

ಅಂಥ ಶಾಸ್ತ್ರ ನಡೆಯುವಲ್ಲಿ ಸಾವಂತ್ರಮ್ಮನಂಥವಳು ಎದುರಿಗೆ ಸುಳಿಯುವಂತೆಯೇ ಇರಲಿಲ್ಲ. ಅಣ್ಣನ ಮನೆಯಲ್ಲಿ ತೊಟ್ಟಿಲು ಹಾಕಿದ ದಿನ ಅವಳು ಹಿತ್ತಲಲ್ಲಿ ಕೂತು ಕಟ್ಟಿಗೆ ಒಡೆದಿದ್ದಳು.

"ತಡಿಯವ್ವ," ಎಂದಳು. "ಇವ್ಯಾವೂ ನಾನು ಹೆತ್ತವಲ್ಲ. ನಾನಿಲ್ಲಿ ಸಂಬಳಕ್ಕಿರೋಳು."

ದುರುಗಕ್ಕ ಮೊರದ ಕಡೆ ಒಮ್ಮೆ, ಚಪ್ಪರದ ಕಡೆ ಒಮ್ಮೆ ನೋಡಿದಳು.

"ಮಕ್ಳನ್ನ ಸಾಕಾಕೆ ಸಂಬಳ ಕೊಟ್ಟು ಇಟ್ಕೊಂಡಾರಾ ನಿಮ್ಮನ್ನ?"

"ಹೂಂ ಕಣವ್ವ."

"ಹಂಗಾರೆ ನಿಮ್ ಕೈಗುಣ ಎಂಥದಿರ್ಬೇಕು!" ಎಂದಳು ದುರುಗಕ್ಕ, ಲೆಕ್ಕ ಸರಿಹೋಯಿತು ಎಂಬಂತೆ. "ನಮ್ಮೂರಾಗೆ ಕುರಿ ಕಾಯಾಕೂ ಕೈ ನೋಡೇ ಇಟ್ಕೊಂತಾರೆ. ಕುರಿ ಸಾಯ್ಸೋನಿಗೆ ಯಾರು ಕೂಲಿ ಕೊಡ್ತಾರ್ರೀ?"

ಹೇಳಬೇಕಾದ ಮಾತು ಇನ್ನೊಂದಿತ್ತು. ನಾನು ಮುತ್ತೈದೆಯಲ್ಲ ಎಂಬುದು. ಕಂಬಳಿ ಹಣೆಯವರೆಗೂ ಇಳಿದಿತ್ತು, ಬಳೆಯಿಲ್ಲದ ಕೈಗಳು ಅದರೊಳಗಿದ್ದವು, ಮೇಲೆ ಮಂಜು ಬೇರೆ. ತಾನಾಗಿ ಹೇಳದಿದ್ದರೆ ಆ ಹೆಂಗಸಿಗೆ ತಿಳಿಯುವಂತಿರಲಿಲ್ಲ. ಸಾವಂತ್ರಮ್ಮ ಬಾಯಿ ತೆರೆದಳು. ಅಜ್ಜಮ್ಮನ ಸೌಟು ನಿಂತಿತು. ಅಷ್ಟರಲ್ಲಿ ಮೊರದೊಳಗಿನ ಕೂಸು ಒಂದು ಸಣ್ಣ ಸೀನು ಸೀನಿ, ಬಟ್ಟೆಯಿಂದ ಮುಷ್ಟಿ ಹೊರಗೆ ಚಾಚಿತು. ಚಳಿಗೆ ಆ ಮುಷ್ಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು.

ಅವಳು ಮಾತನ್ನು ಬಿಟ್ಟು ಕೂಸನ್ನು ಎತ್ತಿಕೊಂಡಳು.

ನೆತ್ತಿ ಮೂಸಿದಳು. ಜ್ವರವಿರಲಿಲ್ಲ. ಕೊಟ್ಟಿಗೆಯ ಬುಟ್ಟಿಯಿಂದ ಒಂದು ಮೊರ ತೌಡು ತುಂಬಿ ದುರುಗಕ್ಕನ ಸೆರಗಿಗೆ ಸುರಿದಳು. "ತಿಪ್ಪಮ್ಮ," ಎಂದು ಕೂಸಿನ ಕಿವಿಯಲ್ಲಿ ಹೇಳಿದಳು. ಬರಿದಾದ ಮೊರವನ್ನು ಚಪ್ಪರದ ಗೂಟಕ್ಕೆ ತಗುಲಿಹಾಕಿದಳು. ಆಮೇಲೆ ವಾಡಿಕೆಯಂತೆ, "ನಿನ್ ಸೀರೆ ಒಂದ್ ಚೂರು ಹರ್ದು ಕೊಡವ್ವ," ಎಂದಳು. ದುರುಗಕ್ಕ ಯಾಕೆ ಎಂದು ಕೇಳಲಿಲ್ಲ. ಪರ್ರನೆ ಹರಿದು ಕೊಟ್ಟು, ತೌಡಿನ ಗಂಟು ಹಿಡಿದು ಮಂಜಿನಲ್ಲಿ ಕರಗಿಹೋದಳು.

"ಬಾಯಿಗೇನು ಬೀಗ ಹಾಕ್ಕಂಡಿದ್ಯಾ ಸಾವಂತ್ರಿ?" ಎಂದಳು ಅಜ್ಜಮ್ಮ.

"ನಿನ್ ಬಾಯಿಗೇನಾಗಿತ್ತು?"

"ನನ್ ಬಾಯಿ ಗಂಜಿಗೆ ಉಪ್ಪು ನೋಡ್ತಿತ್ತು," ಎಂದು ಹೇಳಿ ಅಜ್ಜಮ್ಮ ಮತ್ತೆ ಸೌಟು ತಿರುಗಿಸಿದಳು.

ಮುಂದಿನ ಸುಗ್ಗಿಗಳನ್ನು ಸಾವಂತ್ರಮ್ಮ ಮುಪ್ಪಿನಲ್ಲಿಯೂ ನೆನೆಯುತ್ತಿದ್ದಳು. ಹೊಸ ಹುಲ್ಲಿನ ವಾಸನೆ, ಕಣದಲ್ಲಿ ಭತ್ತ ಒಕ್ಕುವ ರೋಣಗಲ್ಲಿನ ಗುಡುಗುಡು ಸದ್ದು, ಕೆರೆಯ ಕಡೆಯಿಂದ ಬೆಸ್ತರು ಹುಟ್ಟು ಹಾಕುವ ಸಪ್ಪಳ, ಸೋಗೆಯ ತೂತಿನಿಂದ ತೊಟ್ಟಿಲುಗಳ ಮೇಲೆ ಬೀಳುತ್ತಿದ್ದ ಬಿಸಿಲಿನ ಕಾಸುಗಳು. ಜಗಳೂರಿನ ಗಾಡಿಗಳು ಏರಿ ಇಳಿಯುವುದು ಕಂಡರೆ ಅವಳು ಚಪ್ಪರದ ಬಾಯಿಗೆ ಬಂದು ನಿಲ್ಲುತ್ತಿದ್ದಳು. ಮುಂದಿನ ಗಾಡಿಯಿಂದ ತಿಪ್ಪಿ ಇಳಿಯುತ್ತಿದ್ದಳು. ಒಂದು ವರ್ಷ ದುರುಗಕ್ಕನ ಸೊಂಟದಿಂದ, ಒಂದು ವರ್ಷ ಗಾಡಿಯ ಗೂಟ ಹಿಡಿದು, ಆಮೇಲಾಮೇಲೆ ಗಾಡಿ ನಿಲ್ಲುವ ಮೊದಲೇ ಧುಮುಕಿ.

ಚಪ್ಪರದ ಮಕ್ಕಳ ಆಟಗಳಲ್ಲಿ ಸಂಬಳದವ್ವನ ಆಟ ಎಂಬುದೊಂದಿತ್ತು. ಅದನ್ನು ಕಟ್ಟಿದವಳು ತಿಪ್ಪಿಯೇ. ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಕೂತು, ಗೋಣಿಚೀಲವನ್ನು ಕಂಬಳಿಯ ಹಾಗೆ ಹೊದ್ದುಕೊಳ್ಳುವಳು. ಉಳಿದವರು ಸಾಲಾಗಿ ಬಂದು ತಲೆ ಬಗ್ಗಿಸಬೇಕು. ಒಂದೊಂದೇ ತಲೆ ಮೂಸಿ, "ನಿಂಗೆ ಜ್ವರ ಐತೆ, ನಿಂಗಿಲ್ಲ, ನೀನು ಸುಳ್ಳು ಹೇಳ್ತೀಯ" ಎಂದು ತೀರ್ಪು ಕೊಡುವಳು. ಕೊನೆಗೆ ಕೈ ಚಾಚಿ, "ಕೊಡ್ರಿ ನನ್ ಸಂಬಳ!" ಎನ್ನುವಳು. ಹುಣಸೆ ಬೀಜ ಸಂಬಳ. ಅಜ್ಜಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದಳು.

ಸಾವಂತ್ರಮ್ಮನೂ ನಗುತ್ತಿದ್ದಳು, ಆದರೆ ನಗುವಿನ ಅಡಿಯಲ್ಲಿ ಒಂದು ಅಳುಕು ಇದ್ದೇ ಇತ್ತು. ಊರೆದುರಿಗೆ ಬರಿಗೈಯಲ್ಲಿ ಓಡಾಡುತ್ತಿದ್ದವಳು ದುರುಗಕ್ಕನ ಎದುರಿಗೆ ಮಾತ್ರ ಕಂಬಳಿ ಬಿಡುತ್ತಿರಲಿಲ್ಲ. ಅವಳು ಬರುವುದು ಕಂಡರೆ ನಡುಮಧ್ಯಾಹ್ನವೂ ಹೊದ್ದುಕೊಳ್ಳುತ್ತಿದ್ದಳು. "ಬಿಸ್ಲಾಗೂ ಕಂಬ್ಳೀನಾ? ಒಳ್ಳೇ ಕಾವು ಕುಂತ ಕೋಳಿ ಆಗೀಯಲ್ಲೇ!" ಎಂದು ಅಜ್ಜಮ್ಮ ಹಂಗಿಸಿದರೆ ಇನ್ನೂ ಬಿಗಿಯಾಗಿ ಸುತ್ತಿಕೊಳ್ಳುತ್ತಿದ್ದಳು. ಚಪ್ಪರದ ಕೂಸುಗಳೆಲ್ಲ ಸುಗ್ಗಿ ಮುಗಿದರೆ ಅವರವರ ತಾಯಂದಿರವು. ತಿಪ್ಪಿ ಒಬ್ಬಳು, ಶಾಸ್ತ್ರದ ಮಾತಿಗಾದರೂ, ತನ್ನವಳು. ದುರುಗಕ್ಕನಿಗೆ ಗೊತ್ತಾದರೆ ಅಪಶಕುನವೆಂದು ಎದೆ ಒಡೆದುಕೊಂಡಾಳು, ಬೇರೆ ಮುತ್ತೈದೆಯ ಕೈಯಲ್ಲಿ ಮತ್ತೆ ಕೊಳ್ಳಿಸಿಯಾಳು. ತಿಪ್ಪಿ ಕೈತಪ್ಪಿದರೆ ಮತ್ತೆ ಸಿಕ್ಕುವವಳಲ್ಲ.

ತಿಪ್ಪಿಯ ಹಾಲುಹಲ್ಲು ಬಿದ್ದ ವರ್ಷ ಕೆರೆಯ ಸುತ್ತ ಚಳಿಜ್ವರ ಎದ್ದಿತು. ಒಂದು ಮುಂಜಾನೆ ದುರುಗಕ್ಕ ಅವಳನ್ನು ಹೆಗಲ ಮೇಲೆ ಹೊತ್ತು ಓಡಿಬಂದಳು. ಸಾವಂತ್ರಮ್ಮ ನೆತ್ತಿ ಮೂಸುವ ಅಗತ್ಯವೇ ಇರಲಿಲ್ಲ, ಹುಡುಗಿಯ ಹಲ್ಲು ಕಟಕಟ ಕಡಿಯುತ್ತಿತ್ತು. ಚಪ್ಪರದ ಡಬ್ಬಿಯಲ್ಲಿ ಕ್ವಿನೈನು ಮುಗಿದಿತ್ತು. ಸಾವಂತ್ರಮ್ಮ ಸಂಘದ ಗಾಡಿ ಹೊಡೆಯುವ ದಾಸಪ್ಪನನ್ನು ಕೂಗಿದಳು.

"ದಾಸಪ್ಪಾ, ಗಾಡಿ ಕಟ್ಟು! ಚನ್ನಗಿರಿ ಆಸ್ಪತ್ರೆಗೆ!"

ಗಾಡಿ ಏರಿಯ ಮೇಲಿನ ಗುಡಿಯ ಮುಂದೆ ಹಾಯುವಾಗ ಅವಳು ಕೊರಳಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಸ್ವಾಮಿ, ಆವತ್ತು ತಪ್ಪಿದ್ದು ನನ್ನ ಬಾಯಿ, ಅದನ್ನು ಈ ಕೂಸಿನ ಮೇಲೆ ತೀರಿಸಿಕೊಳ್ಳಬೇಡ. ಮತ್ತೇನನ್ನೂ ಬೇಡಿಕೊಳ್ಳಲು ಅವಳಿಗೆ ತೋಚಲಿಲ್ಲ. ಹುಡುಗಿ ಗಡಗಡ ನಡುಗುತ್ತಿದ್ದಳು. ಸಾವಂತ್ರಮ್ಮ ಕಂಬಳಿಯನ್ನು ತೆಗೆದು ಅವಳಿಗೆ ಎರಡು ಸುತ್ತು ಸುತ್ತಿ ಎದೆಗೆ ಅವುಚಿಕೊಂಡಳು.

ಅಷ್ಟು ಹೊತ್ತಿಗೆ ಬಿಸಿಲು ಬಂತು. ಬಳೆಯಿಲ್ಲದ ಎರಡು ಕೈಗಳು ದುರುಗಕ್ಕನ ಕಣ್ಣೆದುರಿಗೇ ಇದ್ದವು. ದುರುಗಕ್ಕ ನೋಡಿದಳು. ಕಣ್ಣು ಅಲ್ಲಿ ಒಂದು ಕ್ಷಣ ನಿಂತದ್ದನ್ನು ಸಾವಂತ್ರಮ್ಮ ಕಂಡಳು.

ಆಸ್ಪತ್ರೆಯಲ್ಲಿ ಮದ್ದು ಸಿಕ್ಕಿತು, ಜ್ವರ ಇಳಿಯಿತು. ಎದ್ದು ಕೂತ ತಿಪ್ಪಿ ಮೊದಲು ಕೇಳಿದ್ದು ಬೆಲ್ಲ. ಸುಗ್ಗಿ ಮುಗಿದು ಗಾಡಿಗಳು ಹೊರಟಾಗ ದುರುಗಕ್ಕ ಎಂದಿನಂತೆ ಕಾಲು ಮುಟ್ಟಿ ಹೋದಳು. ಕೈಗಳ ಮಾತು ಅವಳೂ ಎತ್ತಲಿಲ್ಲ, ಇವಳೂ ಎತ್ತಲಿಲ್ಲ.

ಮುಂದಿನ ಸುಗ್ಗಿಗೆ ಅವರು ಬರಲಿಲ್ಲ.

ಸೊಕ್ಕೆಯ ಕಡೆಗೆ ಕಾಳು ತರಲು ಹೋಗಿದ್ದ ದಾಸಪ್ಪನನ್ನು ಸಾವಂತ್ರಮ್ಮ ಕೇಳಿದಳು. ಅವನು ಹೊಗೆಸೊಪ್ಪು ತಿಕ್ಕುತ್ತಾ, "ಸಿಕ್ಕಿದ್ಲು ಕಣಮ್ಮ. ಇನ್ಮ್ಯಾಲೆ ಆ ಕಡೀಕೆ ಬರಾಕಿಲ್ಲ ಅಂದ್ಲು," ಎಂದ.

"ಮತ್ತೇನಂದ್ಲು?"

"ಏನೇನೋ ಅಂದ್ಲು. ಹೆಂಗಸ್ರ ಮಾತು, ನಾನೆಲ್ಲಿ ನೆಪ್ಪಿಟ್ಕಳ್ಳಿ?"

ಸಾವಂತ್ರಮ್ಮ ಮತ್ತೆ ಕೇಳಲಿಲ್ಲ. ಆ ಸಂಜೆ ಗೂಟದ ಮೇಲಿನ ಮೊರವನ್ನು ಕೆಳಗಿಳಿಸಿ, ಸಗಣಿಗೆ ಮೆಂತ್ಯದ ಹಿಟ್ಟು ಕಲಸಿ ಸಾರಿಸಿ, ಒಣಗಿಸಿ, ಮತ್ತೆ ಅದೇ ಗೂಟಕ್ಕೆ ಹಾಕಿದಳು. ಅಂದಿನಿಂದ ಪ್ರತಿ ವರ್ಷ ಸುಗ್ಗಿಯಲ್ಲಿ ಒಮ್ಮೆ ಹಾಗೆ ಸಾರಿಸುವುದು ಅವಳ ವ್ರತವಾಯಿತು.

ಕಾಲ ನಿಲ್ಲಲಿಲ್ಲ. ಯುದ್ಧ ಬಂತು. ಕಂಟ್ರೋಲಿನ ಅಕ್ಕಿ ಬಂತು, ಸೀಮೆಎಣ್ಣೆಗೆ ಸಾಲು ನಿಲ್ಲುವ ದಿನ ಬಂತು. ಸಂಘದ ಕೈ ಸೋತು ಚಪ್ಪರ ಏಳುವುದು ನಿಂತಿತು. ಅಜ್ಜಮ್ಮ ಒಂದು ಶಿವರಾತ್ರಿಯ ಮುಂಜಾನೆ ಶಿವನ ಪಾದ ಸೇರಿದಳು. ಷಣ್ಮುಖಪ್ಪನವರು ಸಾವಂತ್ರಮ್ಮನನ್ನು ಹೊನ್ನಾಳಿಗೆ ಕರೆಸಿಕೊಂಡು, ಹೊಳೆಯ ದಡದ ಹಳೆ ಮನೆಯೊಂದರಲ್ಲಿ ಹಳ್ಳಿಯ ಹೆಣ್ಣುಮಕ್ಕಳು ಉಳಿದುಕೊಂಡು ಓದಲು ಮಾಡಿದ್ದ ವಸತಿಗೃಹವನ್ನು ಒಪ್ಪಿಸಿದರು. ಅವಳು ಒಂದು ಟ್ರಂಕು, ಒಂದು ಕಂಬಳಿ, ಒಂದು ಮೊರ ಹೊತ್ತು ಬಂದಳು. ಅಲ್ಲಿಯ ಹುಡುಗಿಯರಿಗೆ ಅವಳು ಸಾವಂತ್ರಮ್ಮನವರು. ಸಂಬಳದವ್ವ ಎಂಬ ಹೆಸರು ಚಪ್ಪರದ ಸೋಗೆಯ ಜೊತೆಗೇ ಗಾಳಿಗೆ ಹೋಗಿತ್ತು. ಯಾರೂ ಈಗ ಹಂಗಿಸುತ್ತಿರಲಿಲ್ಲ. ಕೆಲವು ಸಂಜೆ ಅವಳಿಗೆ ಆ ಹಂಗಿನ ಮಾತೇ ಬೇಕೆನಿಸುತ್ತಿತ್ತು.

"ಈ ಹಳೇ ಮೊರ ಯಾಕಮ್ಮಾ? ಹೊಸದು ಐತಲ್ಲ," ಎಂದು ಹುಡುಗಿಯರು ಕೇಳಿದರೆ, "ಅದು ನಂದಲ್ಲ ಕಣ್ರೇ, ಬೇರೇರ್ದು," ಎನ್ನುತ್ತಿದ್ದಳು.

ಸ್ವರಾಜ್ಯ ಬಂದ ಮರುವರ್ಷ, ಮಳೆಗಾಲ ಕಳೆದ ಒಂದು ಬೆಳಗ್ಗೆ. ಆಕಾಶ ತೊಳೆದಿಟ್ಟ ಹಾಗಿತ್ತು. ಹೊಳೆಯಾಚೆ ಬಟ್ಟೆ ಒಗೆಯುವ ಹೆಂಗಸರ ಕೈಯ ಬಳೆಗಳೂ ಮಿಂಚಿ ಕಾಣುವಷ್ಟು ತಿಳಿ. ಸಾವಂತ್ರಮ್ಮ ಅಂಗಳದಲ್ಲಿ ಕೂತು, ಸೆರಗು ಸಿಕ್ಕಿಸಿ, ಹುಡುಗಿಯೊಬ್ಬಳ ತಲೆ ಬಾಚುತ್ತಿದ್ದಳು. ಬಾಗಿಲಲ್ಲಿ ದನಿ ಕೇಳಿತು.

"ಸಂಬಳದವ್ವರ ಮನೆ ಇದೇ ಏನ್ರೀ?"

ಹುಡುಗಿಯರು ಮುಖ ಮುಖ ನೋಡಿಕೊಂಡರು. ಸಾವಂತ್ರಮ್ಮ ಬಾಚಣಿಗೆಯನ್ನು ಕೂದಲಲ್ಲೇ ಬಿಟ್ಟು ಎದ್ದಳು. ತಲೆ ನರೆತ ದುರುಗಕ್ಕ ಒಂದು ಗಂಟು ಹೊತ್ತು ನಿಂತಿದ್ದಳು. ಇದ್ದಲಿನಿಂದ ಓಡುವ ಬಸ್ಸಿನ ಮಸಿ ಮುಖಕ್ಕೆಲ್ಲ ಮೆತ್ತಿತ್ತು. ಅವಳ ಹಿಂದೆ ಅವಳಿಗಿಂತ ಒಂದು ಗೇಣು ಎತ್ತರದ ಹುಡುಗಿ.

ಸಾವಂತ್ರಮ್ಮ ಸರಕ್ಕನೆ ಸೆರಗನ್ನು ಕೈಗಳ ಮೇಲೆ ಎಳೆದುಕೊಂಡಳು. ಅಷ್ಟು ವರ್ಷದ ರೂಢಿ. ಹುಡುಗಿ ಬಂದು ಕಾಲಿಗೆ ಬಿದ್ದಳು. ಎತ್ತುವ ಹೊತ್ತಿಗೆ ಸಾವಂತ್ರಮ್ಮನ ಮೂಗು ತಾನಾಗಿ ಅವಳ ನೆತ್ತಿಗೆ ಹೋಯಿತು.

"ಜ್ವರ ಐತೇನ್ರವ್ವಾ?" ಎಂದು ತಿಪ್ಪಮ್ಮ ನಕ್ಕಳು.

ನೀರು, ಬೆಲ್ಲ ಆಯಿತು. ಜಗಲಿಯ ಮೇಲೆ ಕೂತರು. ಮೂವತ್ತಮೂರರಿಂದ ಗಂಟಲಲ್ಲಿ ಕೂತಿದ್ದ ಮಾತನ್ನು ಇನ್ನು ನುಂಗಲು ಸಾವಂತ್ರಮ್ಮನಿಂದ ಆಗಲಿಲ್ಲ. "ದುರುಗಕ್ಕ, ಆವತ್ತು ಆ ಮಂಜಿನಾಗೆ ನಾನು ನಿಂಗೊಂದು ಮಾತು..."

"ಮಂಜು ಎಷ್ಟೊತ್ತು ಇರ್ತದ್ರೀ ಯವ್ವಾ?" ಎಂದಳು ದುರುಗಕ್ಕ.

ಸಾವಂತ್ರಮ್ಮ ಮುಖ ಎತ್ತಿ ನೋಡಿದಳು.

"ಹೊತ್ತು ಮಾರು ಮ್ಯಾಲೆ ಬರೋ ಹೊತ್ತಿಗೆ ಕರಗ್ತು. ನಾನು ಕಣದಾಗೆ ನಿಂತಿದ್ದೆ. ನೀವು ಕಂಬ್ಳಿ ತೆಗ್ದಿಟ್ಟು ನನ್ ಕೂಸಿಗೆ ನೀರು ಹಾಕ್ತಿದ್ರಿ. ಕೈಯಿ, ಕೊಳ್ಳು, ಎಲ್ಲಾ ಕಂಡ್ತು. ಎದೆ ಧಸಕ್ಕಂತು, ಸುಳ್ಳ್ಯಾಕೆ ಹೇಳ್ಲಿ. ಓಡಿ ಬಂದು ಕಸ್ಕೊಂಡು ಹೋಗಣ ಅಂದ್ಕೊಂಡೆ. ಅಷ್ಟ್ರಾಗೆ ನೀವು ನನ್ ಸೀರೆ ಚೂರನ್ನ ಅದ್ರ ಕೆನ್ನೆ ಕೆಳಗೆ ಇಟ್ರಿ. ಅದು ಹಂಗೇ ಕಣ್ಣು ಮುಚ್ತು."

ಅವಳು ಬೆಲ್ಲದ ಚೂರನ್ನು ಬಾಯಲ್ಲಿ ಆ ಕಡೆಯಿಂದ ಈ ಕಡೆಗೆ ಹೊರಳಿಸಿದಳು.

"ಆಮ್ಯಾಲೆ ನಾನು ಭತ್ತ ಕೊಯ್ಯಾಕೆ ಹೋದೆ."

"ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?"

"ನೀವು ಅಷ್ಟು ಜತನದಿಂದ ಮುಚ್ಕೊಂತಿದ್ರಿ. ಹೆಂಗೆ ಹೇಳ್ಲಿ?"

"ಮತ್ತೆ ಸುಗ್ಗಿಗೆ ಬರೋದು ಬಿಟ್ಯಲ್ಲ."

"ಬಾವಿ ತೋಡಿದ್ವಲ್ರೀ! ಊರಾಗೇ ನೀರು ಬಿದ್ಮ್ಯಾಲೆ ಪರಸ್ಥಳಕ್ಕೆ ಯಾಕೆ ಹೋಗಣ? ದಾಸಪ್ಪನ ಕೈಲಿ ಹೇಳಿ ಕಳ್ಸಿದ್ನಲ್ಲ."

"ಬರಾಕಿಲ್ಲ ಅಂದ್ಲು ಅಂದ. ಅಷ್ಟೇ ಅಂದ."

"ಅಯ್ಯೋ ಅವ್ನ ಹೊಗೆಸೊಪ್ಪಿಗೆ ಬೆಂಕಿ ಬೀಳ! ಬಾವಿ ನೀರು ಸಿಹಿ ಐತೆ, ಅವ್ವಾರು ಒಂದ್ ಸಲ ಬಂದು ಕುಡ್ದು ಹೋಗ್ಲಿ ಅಂತ ನಾನು ಅಷ್ಟುದ್ದ ಹೇಳಿದ್ರೆ, ಬಾಲ ಹಿಡ್ಕಂಡು ಬಂದು ಮೈ ಅಲ್ಲೇ ಬಿಟ್ಟಾನೆ!"

ಸಾವಂತ್ರಮ್ಮ ನಕ್ಕಳು. ನಗುತ್ತಲೇ ಕಣ್ಣು ತುಂಬಿತು. ದುರುಗಕ್ಕ ಆ ಕಡೆ ನೋಡದೆ ಮಾತು ಮುಂದುವರಿಸಿದಳು.

"ಈಗ ಬಂದಿದ್ದು ಬ್ಯಾರೆ ಕೆಲ್ಸಕ್ಕೆ. ಈ ನಿಮ್ ತಿಪ್ಪಿ ನೋಡ್ರಿ. ಊರ ಹೆಂಗಸ್ರೆಲ್ಲಾ ಹೊಲಕ್ಕೆ ಹೋದ್ರೆ ಕೂಸುಗಳ್ನೆಲ್ಲಾ ಬೇವಿನ ಮರದ ಕೆಳಗೆ ಕುಂಡ್ರಿಸ್ಕೊಂಡು ತಲೆ ಮೂಸ್ತಾ ಕುಂತಿರ್ತಾಳೆ. ಬ್ಯಾಡ ಅಂದ್ರೂ ಕೇಳಾಕಿಲ್ಲ. ಅಪ್ಪ ಗಂಡು ನೋಡ್ತೀನಂದ್ರೆ, ಮೊದ್ಲು ಸಂಬಳದವ್ವನ ಕೆಲ್ಸ ಕಲೀತೀನಿ ಅಂತಾಳೆ. ನಿಮ್ ಹತ್ರ ಇಟ್ಕೊಂಡು ಕಲ್ಸಿ ಕೊಡ್ರಿ. ಆ ಆಸ್ಪತ್ರೆ ವಿದ್ಯೆನೂ ಕಲ್ಸ್ರಿ. ಮುಂದೆ ಒಂದು ಸಂಬಳಾನೂ ಆಗ್ಲಿ, ಯಾರೂ ಪುಗಸಟ್ಟೆ ಅನ್ನಬಾರ್ದು."

"ಬಿಟ್ಟು ಹೋಗು ತಾಯಿ. ನಿನ್ ಮಗಳು, ನಿನ್ನಿಷ್ಟ."

"ನನ್ ಮಗಳೆಲ್ಲಿ ಆದ್ಲು?" ದುರುಗಕ್ಕ ಹುಬ್ಬೇರಿಸಿದಳು. "ಕೊಂಡೋರು ನೀವು. ನಿಮ್ ಕೂಸನ್ನ ನಿಮ್ಗೇ ಕೊಡಾಕೆ ನಾನ್ಯಾರು? ಮೊದ್ಲು ಬಿಡಿಸ್ಕೊಂತೀನಿ. ಆಮ್ಯಾಲೆ ನಾನೇ ನನ್ ಕೈಯಾರ ಕೊಡ್ತೀನಿ. ಮೊರ ಎಲ್ಲೈತೆ?"

ಸಾವಂತ್ರಮ್ಮ ಒಳಗಿನ ಗೋಡೆಯ ಕಡೆ ನೋಡಿದಳು. ದುರುಗಕ್ಕ ಎದ್ದು ಹೋಗಿ ಗೂಟದಿಂದ ಮೊರ ಇಳಿಸಿದಳು. ಅಂಚನ್ನು ಬೆರಳಿನಿಂದ ಸವರಿ ನೋಡಿದಳು. ಸಾರಿಸಿದ ಸಗಣಿ ಎಲ್ಲೂ ಬಿರುಕು ಬಿಟ್ಟಿರಲಿಲ್ಲ. ಜಗಲಿಗೆ ತಂದು, ಗಂಟು ಬಿಚ್ಚಿ, ಬಾವಿಯ ನೀರಲ್ಲಿ ಬೆಳೆದ ನವಣೆಯನ್ನು ಅಂಚಿನವರೆಗೆ ಸುರಿದಳು. ಅದರ ಮೇಲೆ ಒಂದು ಕುಬುಸದ ಕಣ ಮಡಿಸಿ ಇಟ್ಟಳು. ಸೊಂಟದ ಚೀಲದಿಂದ ಹಳದಿ ಬಟ್ಟೆಯಲ್ಲಿ ಸುತ್ತಿದ್ದ ಹಸಿರು ಗಾಜಿನ ಬಳೆಗಳನ್ನು ತೆಗೆದು ಕಣದ ಮೇಲೆ ಇಟ್ಟಳು.

ಅಂಗಳದ ಹುಡುಗಿಯರು ಬಳೆಗಳ ಕಡೆಗೂ ಸಾವಂತ್ರಮ್ಮನ ಕಡೆಗೂ ನೋಡಿದರು. ಸಾವಂತ್ರಮ್ಮನ ಕೈಗಳು ತಾವಾಗಿ ಸೆರಗಿನೊಳಕ್ಕೆ ಸರಿದವು.

ದುರುಗಕ್ಕ ಮೊರವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಂತಳು. ನವಣೆಯ ಮೇಲೆ ಬಿಸಿಲು ಬಿದ್ದಿತ್ತು. ಹೊಳೆಯ ಕಡೆಯಿಂದ ಬಟ್ಟೆ ಒಗೆಯುವ ಸದ್ದು ಬರುತ್ತಿತ್ತು. ಬಹಳ ಹೊತ್ತಿನ ಮೇಲೆ ಸೆರಗು ಸರಿಯಿತು, ಬರಿದಾದ ಎರಡು ಕೈಗಳು ಬೆಳಕಿಗೆ ಬಂದವು. ದುರುಗಕ್ಕ ಒಂದು ಹೆಜ್ಜೆ ಮುಂದೆ ಬಂದು, ಒಂದು ಕಾಳೂ ಚೆಲ್ಲದ ಹಾಗೆ, ಮೊರವನ್ನು ಆ ಕೈಗಳ ಮೇಲೆ ಇಟ್ಟಳು.